ಒಂದೇ ಈಡು

ಮೊಮ್ಮಗಳು ಹುಟ್ಟಿದಳೆಂದು ಅಳಿಯ ಆಸ್ಪತ್ರೆಯ ಒಳಗಿನಿಂದ ಓಡಿಬಂದು ಹೇಳಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಕಿವಿಗೊಟ್ಟು ಕೂತದ್ದು. ಈಡು ಕೇಳಿಸುತ್ತದೆಯೇ ಎಂದು. ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಈಡು ಎಲ್ಲಿಂದ ಬರಬೇಕು? ಮೂಲೆಯಲ್ಲಿ ಕಾಫಿ ಯಂತ್ರ ಗೊರಗುಟ್ಟುವುದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಆದರೂ ಅಷ್ಟು ವರ್ಷ ಕೇಳಿದ ಕಿವಿಗೆ ಅಭ್ಯಾಸ ಬಿಡುವುದಿಲ್ಲ ನೋಡಿ.

ನಾವು ಕೊಡಗಿನವರು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಮನೆಯವರು ಅಂಗಳಕ್ಕಿಳಿದು, ಕೋವಿಯನ್ನು ಆಕಾಶಕ್ಕೆತ್ತಿ ಒಂದು ಗುಂಡು ಹಾರಿಸುತ್ತಾರೆ. ಅದನ್ನೇ ಈಡು ಎನ್ನುವುದು. ಸಾವಾದರೆ ಎರಡು. ಫೋನು, ತಂತಿ ಏನೂ ಇಲ್ಲದ ಕಾಲದಿಂದ ನಡೆದು ಬಂದದ್ದು. ನಾನು ಚಿಕ್ಕವಳಿದ್ದಾಗ ದೂರದಲ್ಲೆಲ್ಲೋ ಒಂದು ಈಡು ಕೇಳಿಸಿತೆಂದರೆ ಭತ್ತ ಕುಟ್ಟುತ್ತಿದ್ದ ಅವ್ವ ಒನಕೆಯನ್ನು ಎತ್ತಿದ ಕೈಯಲ್ಲೇ ನಿಲ್ಲಿಸುತ್ತಿದ್ದಳು. ಇನ್ನೊಂದು ಬರುತ್ತದೋ ಎಂದು ಕಾಯುತ್ತಿದ್ದಳು. ಬಂದರೆ ಒನಕೆಯನ್ನು ಗೋಡೆಗೊರಗಿಸಿ, ಸೀರೆ ಬದಲಿಸಿ ಹೊರಡಬೇಕು. ಬರಲಿಲ್ಲವೆಂದರೆ, “ಯಾರ ಮನೆಯಲ್ಲೋ ಗಂಡು” ಎಂದು ನಕ್ಕು ಒನಕೆ ಇಳಿಸುತ್ತಿದ್ದಳು. ಹಾಗಾಗಿ ನನ್ನ ಮಟ್ಟಿಗೆ ಸಂತೋಷವೆಂದರೆ ಗುಂಡಿನ ಸದ್ದಲ್ಲ, ಅದಾದ ಮೇಲೆ ಎರಡನೆಯದು ಬಾರದೆ ಇರುವ ಆ ಮೌನ.

ಹೆಣ್ಣು ಹುಟ್ಟಿದರೆ ಈಡಿಲ್ಲ. ನಾನು ಹುಟ್ಟಿದಾಗ ಹೊಡೆದಿರಲಿಲ್ಲ. ನನ್ನ ಮಗಳು ಹುಟ್ಟಿದಾಗಲೂ ಇಲ್ಲ. ಮಳೆಗಾಲದಲ್ಲಿ ಬಿಸಿಲಿಲ್ಲ ಎನ್ನುವ ಹಾಗೆ ಅದೂ ಒಂದು, ಅಷ್ಟೇ ಅಂದುಕೊಂಡಿದ್ದೆ. ಆದರೆ ಆ ದಿನ ನರ್ಸಮ್ಮ ಪಟ್ಟೆಪಟ್ಟೆಯ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ನನ್ನ ಕೈಯಲ್ಲಿಟ್ಟಳಲ್ಲ, ಒಲೆಯ ಮೇಲಿನ ಹಾಲಿನ ಹಾಗೆ ಒಳಗಿನಿಂದ ಏನೋ ಉಕ್ಕಿತು. ತಲೆ ತುಂಬ ಕರಿಕೂದಲು. ಮೂಗು ಮಾತ್ರ ಅಪ್ಪನದು, ಧಾರವಾಡದ್ದು. ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಇವಳೇನಾ ಎನ್ನುವ ಹಾಗೆ. ಆಮೇಲೆ ಆಕಳಿಸಿದಳು. ಇವಳಿಗೆ ಈಡಿಲ್ಲದೆ ಇನ್ನು ಯಾರಿಗೆ ಎಂದು ನಿಂತ ನಿಲುವಿನಲ್ಲೇ ತೀರ್ಮಾನ ಮಾಡಿಬಿಟ್ಟೆ.

ಮನೆಗೆ ಬಂದ ಸಂಜೆಯೇ ಕಾಲಿಂಗ್ ಕಾರ್ಡ್ ಕೆರೆದು ನಂಬರು ತೆಗೆದು ಊರಿನಲ್ಲಿದ್ದ ನನ್ನ ಅಣ್ಣನಿಗೆ ಫೋನು ಮಾಡಿದೆ. ತವರುಮನೆಯ ಕೋವಿ ಇರುವುದು ಅವನ ಬಳಿ. ಅಂಗಳದಲ್ಲಿ ನಿಂತು ಒಂದು ಈಡು ಹೊಡಿ ಎಂದೆ. ಗಂಡು ಎಂದುಕೊಂಡು ಅವನಿಗೂ ಖುಷಿಯಾಯಿತು. ಹೆಣ್ಣು ಎಂದೆ.

“ಹೆಣ್ಣುಕೂಸಿಗೆ ಈಡು ಹೊಡೆದ್ರೆ ಊರವರು ನನಗೆ ತಲೆ ಕೆಟ್ಟಿದೆ ಅಂತಾರೆ ತಂಗಿ” ಎಂದ. “ಬೇಕಾದ್ರೆ ಬೆಳ್ಳಿ ಕಡಗ ಕಳಿಸ್ತೇನೆ.”

ಕಡಗಕ್ಕೆ ಶಬ್ದ ಬರುತ್ತದೆಯೇ? ಆಗಲಿ ಎಂದು ಫೋನಿಟ್ಟೆ. ಅವನ ಮೇಲೆ ಕೋಪವೂ ಬರಲಿಲ್ಲ. ಆ ದಿನಗಳಲ್ಲಿ ನನ್ನೊಳಗೆ ಕೋಪ ಕೂರುವುದಕ್ಕೆ ಜಾಗವೇ ಉಳಿದಿರಲಿಲ್ಲ.

ಮಗಳ ಮನೆ ಕ್ರ್ಯಾನ್‌ಬರಿಯ ಹತ್ತಿರ, ಒಂದಕ್ಕೊಂದು ಗೋಡೆ ಅಂಟಿಸಿ ಕಟ್ಟಿದ ಮನೆಗಳ ಸಾಲಿನಲ್ಲಿ. ಅವಳು ಅಲ್ಲೇ ಔಷಧಿ ಕಂಪನಿಯ ಆಫೀಸಿನಲ್ಲಿದ್ದಳು. ಅಳಿಯ ಕಂಪ್ಯೂಟರಿನವನು, ದಿನಾ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಹೋಗಿಬರುತ್ತಿದ್ದ. ಕಂಪ್ಯೂಟರಿನವರಿಗೆ ಅದು ಸುಗ್ಗಿಯ ಕಾಲ. ದೇವಸ್ಥಾನಕ್ಕೆ ಹೋದರೆ ಮಂಗಳಾರತಿ ತಟ್ಟೆಯ ಮುಂದೆಯೂ ಪ್ರಾಜೆಕ್ಟು, ವೀಸಾ, ಗ್ರೀನ್ ಕಾರ್ಡಿನ ಮಾತೇ. ಅಳಿಯನ ಊರು ಧಾರವಾಡ. ನಮ್ಮ ಕೊಡವ ಮಾತಿನಲ್ಲಿ ಅಜ್ಜಿಗೆ ‘ತಾಯಿ’ ಎನ್ನುತ್ತೇವೆ, ಹೆತ್ತವಳಿಗೆ ‘ಅವ್ವ’. ಹೆತ್ತವಳು ಅವರಿಗೂ ಅವ್ವನೇ. ಹಾಗಾಗಿ ಆ ಒಂದು ಶಬ್ದದಲ್ಲಿ ನನಗೂ ಅಳಿಯನಿಗೂ ಜಗಳವಿರಲಿಲ್ಲ. ಆದರೆ ಕೂಸನ್ನು ನೋಡಲು ಬಂದ ಮೈಸೂರಿನ ಹೆಂಗಸೊಬ್ಬರಿಗೆ ನಾನು ಹೆಮ್ಮೆಯಿಂದ, “ಇವಳಿಗೆ ನಾನೇ ತಾಯಿ” ಎಂದುಬಿಟ್ಟೆ. ಅವರು ನನ್ನ ಮುಖ ಒಮ್ಮೆ, ಮಂಚದ ಮೇಲಿದ್ದ ಮಗಳ ಮುಖ ಒಮ್ಮೆ ನೋಡಿ, ತಂದಿದ್ದ ಫ್ರಾಕನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಸೋಫಾದ ಮೇಲಿಟ್ಟರು.

ಎಲೆ ಉದುರುವ ಕಾಲ ಅದು. ಹೊರಗೆ ಬಟ್ಟೆ ಒಣಗಿಸಬಾರದೆಂದು ಆ ಮನೆಗಳ ಸಾಲಿಗೆ ಒಂದು ಕಾನೂನಿತ್ತು. ಯಂತ್ರದಲ್ಲಿ ಒಣಗಿದ ಬಟ್ಟೆ ಕೂಸಿಗೆ ಒಗ್ಗುವುದಿಲ್ಲವೆಂದು ನನ್ನದೊಂದು ಕಾನೂನು. ಅದಕ್ಕೆ ಬಾಣಂತಿಯ ಸ್ನಾನ ಮುಗಿಸಿ, ಕೂಸು ಮಲಗಿದ ಮೇಲೆ, ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು, ಪುಟ್ಟ ಪುಟ್ಟ ಬಟ್ಟೆಗಳನ್ನು ಮಡಿಲ ಮೇಲೂ ತೋಳುಗಳ ಮೇಲೂ ಹರಡಿಕೊಂಡು ಬಿಸಿಲಿಗೆ ಕೂರುತ್ತಿದ್ದೆ. ಒಣಗಿಸುತ್ತಿದ್ದೇನೆಂದು ಯಾರು ಹೇಳಬೇಕು? ಮುದುಕಿ ಬಿಸಿಲು ಕಾಯಿಸುತ್ತಿದ್ದಾಳೆ, ಅಷ್ಟೇ.

ಹಾಗೆ ಕೂತಿದ್ದಾಗ ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ಮೇಲಕ್ಕೆ ಸರಿಯಿತು. ಒಂದು ವಾಸನೆ ಬಂತು. ಎಣ್ಣೆ, ಕಬ್ಬಿಣ, ಅದರ ಹಿಂದೆ ಹಳೆಯ ಸುಟ್ಟ ಮದ್ದು. ನಮ್ಮಲ್ಲಿ ಕೈಲ್‌ಮುಹೂರ್ತ ಎಂದು ಆಯುಧಗಳನ್ನು ಪೂಜಿಸುವ ಹಬ್ಬವಿದೆ. ಅದರ ಹಿಂದಿನ ದಿನ ಅಪ್ಪ ಜಗುಲಿಯಲ್ಲಿ ಕೂತು ಕೋವಿ ಉಜ್ಜುವಾಗ ಮನೆಯಿಡೀ ಇದೇ ವಾಸನೆ. ಬಟ್ಟೆಗಳನ್ನು ತೋಳ ಮೇಲೆ ಹೊತ್ತುಕೊಂಡೇ ಎದ್ದು ಹೋದೆ.

ಆ ಮನೆಯಲ್ಲಿ ಒಬ್ಬರೇ ಇದ್ದರು, ಅಮೆರಿಕದ ಗಂಡಸು, ನನಗಿಂತ ಸ್ವಲ್ಪ ಹಿರಿಯರಿರಬಹುದು. ಎದುರು ಸಿಕ್ಕಾಗ ಕೈಯೆತ್ತಿ ನಗುವಷ್ಟು ಪರಿಚಯ. ಅವರ ಬೆಂಚಿನ ಮೇಲೆ ಒಂದು ರೈಫಲ್ಲಿತ್ತು. ಹಿಡಿ ಇತ್ತು, ಕುದುರೆ ಇತ್ತು, ನಳಿಗೆ ಮಾತ್ರ ಇರಲಿಲ್ಲ. ತಲೆ ಕೊಯ್ದ ಕೋಳಿಯ ಹಾಗೆ ಕಾಣಿಸಿತು. ನಳಿಗೆ ಎಲ್ಲಿ ಎಂದು ಕೈಯಲ್ಲಿ ಕೇಳಿದೆ. ಅವರು ಪಕ್ಕದಲ್ಲಿದ್ದ ಹಳೆಯ ನಳಿಗೆಯನ್ನು ತೋರಿಸಿ, ಇಲ್ಲ ಎಂದು ತಲೆಯಾಡಿಸಿ, ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಇಟ್ಟವಳು. ಎಲ್ಲದಕ್ಕೂ ಎಸ್ ಎಸ್ ಎಂದೆ.

ಸಂಜೆ ಅಳಿಯನನ್ನು ಕಳಿಸಿ ವಿಷಯ ತಿಳಿದುಕೊಂಡೆ. ಅವನು ಬಂದು ಶೂ ಬಿಚ್ಚುತ್ತಾ ಹೇಳಿದ:

“ಅವರು ಕೋವಿ ಕನ್ವರ್ಟ್ ಮಾಡಾಕತ್ತಾರ್ರಿ ಅತ್ತಿ.”

ಕನ್ವರ್ಟ್ ಎಂದರೆ ನನಗೆ ಗೊತ್ತಿದ್ದುದು ಒಂದೇ ಅರ್ಥ, ಮತ ಬಿಟ್ಟು ಮತಕ್ಕೆ ಹೋಗುವುದು. ಕೋವಿಗೂ ಆ ಗತಿ ಬಂತೇ ಎನಿಸಿತು. “ಯಾವುದರಿಂದ ಯಾವುದಕ್ಕಪ್ಪ?” ಎಂದೆ.

“ಇಪ್ಪತ್ತೆರಡರಿಂದ ಹದಿನೇಳಕ್ಕ್ರಿ.”

“ಹಾಗಾದ್ರೆ ನನ್ನನ್ನೂ ಅವರ ಹತ್ತಿರ ಬಿಟ್ಟು ಬಾ. ಅರವತ್ತರಿಂದ ಎಷ್ಟಕ್ಕೆ ಇಳಿಸ್ತಾರೋ ನೋಡುವ.”

ಒಳಗಿನಿಂದ ಮಗಳು, “ಅವ್ವಾ, ಸ್ಟಿಚಸ್ ಇದೆ, ನಗಿಸ್ಬೇಡ” ಎಂದು ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಅದು ವಯಸ್ಸಲ್ಲ, ನಳಿಗೆಯ ತೂತಿನ ಅಳತೆ, ಗುಂಡಿನ ದಪ್ಪ. ಆ ರೈಫಲ್ಲು ಅವರು ಹುಡುಗರಾಗಿದ್ದಾಗ ಅವರಪ್ಪ ಕೊಟ್ಟದ್ದು. ನಳಿಗೆಯ ಒಳಗೆ ತುಕ್ಕು ಹಿಡಿದು ಗುರಿ ನಿಲ್ಲುತ್ತಿರಲಿಲ್ಲ. ಹೇಗೂ ಬದಲಿಸಬೇಕಲ್ಲ ಎಂದು ಆಗ ಹೊಸದಾಗಿ ಬಂದಿದ್ದ ಸಣ್ಣ ಗುಂಡಿನ ನಳಿಗೆಗೆ ಹೇಳಿದ್ದಾರೆ. ಮರದ ಹಿಡಿ ಅದೇ, ಕುದುರೆ ಅದೇ, ಬಾಯಿ ಮಾತ್ರ ಬೇರೆ. ಅವರ ಮನೆಯಲ್ಲಿ ಇರುವುದು ಅದೊಂದೇ ಕೋವಿ.

ಮಾರನೆಯ ದಿನ ಅವರು ಎರಡು ತೋಟಾಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. ಹಳೆಯದು ನೆಟ್ಟಗೆ ಗೂಟದ ಹಾಗಿತ್ತು. ಹೊಸದು ಕತ್ತು ಸಣ್ಣಗಾದ ಪುಟ್ಟ ತಂಬಿಗೆಯ ಹಾಗೆ. ನಮ್ಮ ಮನೆಯ ಕೋವಿಯ ತೋಟಾಕ್ಕೆ ಹಿಂಭಾಗದ ನಡುಮಧ್ಯೆ ಪೆಟ್ಟು ಬೀಳಬೇಕು. ಇವಕ್ಕೆ ನಡುವೆ ಏನೂ ಇಲ್ಲ. ಸುತ್ತಲಿನ ಅಂಚಿನಲ್ಲೇ ಮದ್ದಂತೆ, ಅಂಚಿಗೆ ತಗುಲಿದರೆ ಸಿಡಿಯುತ್ತದಂತೆ. ನನ್ನ ಮಗಳ ಜಾತಿ ಎಂದುಕೊಂಡೆ.

ಈಡಿನ ವಿಷಯ ಕೇಳಬೇಕಲ್ಲ. ಮೊದಲು ಅಳಿಯನ ಮುಂದೆ ಇಟ್ಟೆ. ಅವನು ಒಳ್ಳೆಯ ಹುಡುಗ, ಮಗಳು ಹುಟ್ಟಿದ ಖುಷಿಗೆ ಆಫೀಸಿನಲ್ಲೆಲ್ಲ ಪೇಡೆ ಹಂಚಿದವನು. ಧಾರವಾಡದಿಂದ ಅವನ ಅವ್ವ ಫೋನಿನಲ್ಲಿ, ನಮ್ಮ ಮನೆಗೆ ಅವ್ವನೇ ಬಂದಳು ಎಂದು ಅತ್ತಿದ್ದರು. ಆದರೆ ಕೋವಿ ಎಂದ ಕೂಡಲೇ ಅವನ ಮುಖ ಬಾಡಿತು.

“ಗನ್ ಅಂದ್ರ ಇಲ್ಲೆ ಭಾಳ ಸೂಕ್ಷ್ಮ ಐತ್ರಿ ಅತ್ತಿ. ನೀವು ವಿಸಿಟರ್ ವೀಸಾದಾಗ ಬಂದೀರಿ. ನಮ್ಮ ಗ್ರೀನ್ ಕಾರ್ಡ್ ಪ್ರೋಸೆಸ್‌ನಾಗ ಐತಿ. ಮುಟ್ಟೂದಂತೂ ಬ್ಯಾಡೇ ಬ್ಯಾಡ್ರಿ.”

“ನಾನು ಮುಟ್ಟೋದಿಲ್ಲ” ಎಂದೆ. “ಅವರು ಹೊಡೀಲಿ, ನಾನು ಕೇಳ್ತೇನೆ. ಕೇಳೋದಕ್ಕೂ ವೀಸಾ ಬೇಕಾ?”

ಭಾನುವಾರ ನಾನು ಅಕ್ಕಿತರಿಯ ಕಡುಬು ಬೇಯಿಸಿ, ಒಂದು ಡಬ್ಬಿಗೆ ಹಾಕಿ, ಅವನನ್ನು ಮುಂದಿಟ್ಟುಕೊಂಡು ಪಕ್ಕದ ಮನೆಗೆ ಹೋದೆ. ಅಳಿಯ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದ, ನಾನು ಮಧ್ಯೆ ಮಧ್ಯೆ ಕನ್ನಡದಲ್ಲಿ ಸೇರಿಸುತ್ತಾ ಹೋದೆ. ಅವರು ಕಡುಬನ್ನು ಬಿಸ್ಕತ್ತಿನ ಹಾಗೆ ಕಚ್ಚಿ ತಿನ್ನುತ್ತಾ ಎಲ್ಲ ಕೇಳಿಸಿಕೊಂಡರು. ಕೊನೆಗೆ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು. ನೀವು ಹುಟ್ಟಿದಾಗ ಹೊಡೆದಿದ್ದರೇ ಎಂದು. ಅಳಿಯ ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ನನಗೆ ಅರ್ಥವಾಯಿತು. ನೋ ಎಂದೆ. ಅವರು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಇಲ್ಲಿ ಮನೆಯ ಮುಂದೆ ಹಾರಿಸುವಂತಿಲ್ಲ, ಆಕಾಶಕ್ಕಂತೂ ಎಲ್ಲಿಯೂ ಇಲ್ಲ. ಆದರೆ ತಾವು ಒಂದು ಗುರಿ ಹೊಡೆಯುವ ಮೈದಾನದ ಸದಸ್ಯರು, ನಳಿಗೆ ಬರಲಿ, ಕೂರಿಸಿ, ಹದ ನೋಡಿ, ಅಲ್ಲಿ ನಿಮ್ಮ ಹುಡುಗಿಗೆ ಹೊಡೆಯುತ್ತೇನೆ ಎಂದರು.

ಅಲ್ಲಿಂದ ನನ್ನ ಕಾಯುವಿಕೆ ಶುರುವಾಯಿತು. ಕೂಸನ್ನು ತೊಟ್ಟಿಲಿಗೆ ಹಾಕುವುದಕ್ಕೆ ಮಗಳು ಒಂದು ಭಾನುವಾರದ ಮಧ್ಯಾಹ್ನ ಗೊತ್ತುಮಾಡಿ, ಪರಿಚಯದವರನ್ನೆಲ್ಲ ಕರೆದಿದ್ದಳು. ಹುಟ್ಟಿದ ಗಳಿಗೆಗೆ ಆಗದ ಈಡು ತೊಟ್ಟಿಲಿನ ಗಳಿಗೆಗಾದರೂ ಮುಂಚೆ ಆಗಬೇಕೆಂದು ನನ್ನ ಹಟ. ತೊಟ್ಟಿಲಾದ ಮೇಲೆ ಹೊಡೆದರೆ ಅದು ಬರೀ ಸದ್ದು, ಸುದ್ದಿಯಲ್ಲ. ಆ ನಳಿಗೆ ಮಾತ್ರ ಬರಲೊಲ್ಲದು. ಮನೆಯಿಂದ ಹೆದ್ದಾರಿಗೆ ಹೋದರೆ ಎರಡೂ ಕಡೆ ಉಗ್ರಾಣಗಳೇ. ಕಿಟಕಿ ಇಲ್ಲದ ಬಿಳಿ ಬಿಳಿ ಗೋಡೆಗಳು, ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಲಾರಿಗಳು. ಲೋಕದ ಸಾಮಾನೆಲ್ಲ ಇಲ್ಲಿಗೆ ಬಂದು ಹೋಗುತ್ತದೆ ಎಂದು ಅಳಿಯ ಹೇಳುತ್ತಿದ್ದ. ಮೊಳದುದ್ದದ ಒಂದು ನಳಿಗೆಗೆ ಇಲ್ಲಿಗೆ ದಾರಿ ಗೊತ್ತಿಲ್ಲವೇ ಎಂದು ನಾನು. ಕಂದು ಬಣ್ಣದ ಕೊರಿಯರ್ ಗಾಡಿ ಬೀದಿಗೆ ತಿರುಗಿದರೆ ಒಗ್ಗರಣೆ ಬಿಟ್ಟು ಕಿಟಕಿಗೆ ಓಡುತ್ತಿದ್ದೆ. ಪಕ್ಕದವರೂ ಅವರ ಕಿಟಕಿಯಲ್ಲಿರುತ್ತಿದ್ದರು. ಗಾಡಿ ಮುಂದೆ ಹೋಯಿತೆಂದರೆ ಇಬ್ಬರೂ ಒಬ್ಬರಿಗೊಬ್ಬರು ಕೈ ತಿರುವಿ, ಇಲ್ಲ ಎಂದು ತೋರಿಸಿ ಒಳಗೆ ಹೋಗುತ್ತಿದ್ದೆವು.

ಕೊನೆಗೆ ಬಂತು, ತೊಟ್ಟಿಲಿನ ವಾರದಲ್ಲೇ. ಅವರು ಡಬ್ಬಿ ಬಿಚ್ಚುವಾಗ ನನ್ನನ್ನೂ ಕರೆದರು. ಹೊಸ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಲು ಹೇಳಿದರು. ಕೈ ಹಿಂದೆ ಕಟ್ಟಿಕೊಂಡು, ಕಣ್ಣು ಮಾತ್ರ ಮುಂದೆ ಮಾಡಿ ನೋಡಿದೆ. ಅಳಿಯನಿಗೆ ಕೊಟ್ಟ ಮಾತಲ್ಲವೇ. ಒಳಗೆ ಬೆಳ್ಳಿ ಬಳ್ಳಿಯೊಂದು ಸುತ್ತಿ ಸುತ್ತಿ ಆಚೆಯ ಬೆಳಕಿನ ಚುಕ್ಕಿಗೆ ಹೋಗುತ್ತಿತ್ತು. ಅಷ್ಟು ಚಂದದ್ದು ಒಂದು ಕಬ್ಬಿಣದ ಕೊಳವೆಯೊಳಗೆ ಇರಬಹುದೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ನಮ್ಮಪ್ಪನ ಕೋವಿಯ ಒಳಗು ನುಣ್ಣಗೆ ಬೋಳಾಗಿತ್ತು.

ಅವರು ಅವಸರದ ಮನುಷ್ಯರಲ್ಲ. ಕೂರಿಸುವುದು, ತೆಗೆಯುವುದು, ಕಣ್ಣಿಗೆ ಹತ್ತಿರ ಹಿಡಿದು ನೋಡುವುದು, ಮತ್ತೆ ಕೂರಿಸುವುದು. ನಾನು ಬಟ್ಟೆ ಒಣಗಿಸುವ ನೆಪದಲ್ಲಿ ನೋಡುತ್ತಾ ಕೂತೆ. ಶನಿವಾರ ಮೈದಾನಕ್ಕೆ ಹೋಗಿ ಹದ ನೋಡಿಕೊಂಡು ಬಂದರು. ಎಷ್ಟೋ ಗುಂಡು ಹಾರಿಸಿದರಂತೆ. ಅಷ್ಟೊಂದು ಹೊಡೆದರೆ ಲೆಕ್ಕ ಏನಾಗಬೇಕು ಎಂದು ಮಗಳು ನನ್ನನ್ನು ಕಾಡಿಸಿದಳು. ಎಣ್ಣೆ ಕಾದಿದೆಯೋ ಎಂದು ಮೊದಲು ಹಾಕುವ ಒಂದೆರಡು ಸಾಸಿವೆಯನ್ನು ಯಾರಾದರೂ ಒಗ್ಗರಣೆ ಎನ್ನುತ್ತಾರೆಯೇ ಎಂದೆ.

ಆ ಸಂಜೆ ಒಂದು ಎಡವಟ್ಟು ಮಾಡಿದೆ. ನಮ್ಮ ಹಬ್ಬದಲ್ಲಿ ಪೂಜೆಗಿಟ್ಟ ಕೋವಿಯ ಬಾಯಿಗೆ ಕೋವಿಹೂವು ಸಿಕ್ಕಿಸುತ್ತೇವೆ, ಬೆಂಕಿಯ ನಾಲಿಗೆಯ ಹಾಗಿನ ಕೆಂಪು ಹಳದಿ ಹೂವು. ಅದು ಅಲ್ಲಿ ಎಲ್ಲಿ ಸಿಗಬೇಕು? ಆ ಕಾಲದಲ್ಲಿ ಎಲ್ಲರ ಮೆಟ್ಟಿಲ ಮೇಲೂ ಸೇವಂತಿಗೆ ಕುಂಡ ಇಡುತ್ತಾರೆ. ಮಗಳ ಕುಂಡದಿಂದ ಒಂದು ಹಳದಿ ಸೇವಂತಿಗೆ ಕಿತ್ತು, ಕೋವಿಗೆ ಕೈ ತಾಗದ ಹಾಗೆ ತೊಟ್ಟು ಹಿಡಿದು, ಆ ಪುಟ್ಟ ಬಾಯಿಗೆ ಸಿಕ್ಕಿಸಿಬಿಟ್ಟೆ. ತೊಟ್ಟು ಒಳಗೆ ಹೋಯಿತು, ಹೂ ಮೇಲೆ ಕೂತಿತು. ಚಂದ ಕಾಣಿಸಿತು. ಅವರು ತಿರುಗಿ ನೋಡಿದವರೇ ಹೂವನ್ನು ಕಿತ್ತು, ಒಳಗೆ ಚೂರೂ ಉಳಿದಿಲ್ಲವೆಂದು ಕಡ್ಡಿ ತೂರಿಸಿ, ದೀಪ ಹಿಡಿದು ನೋಡಿದರು. ಆಮೇಲೆ ಮಗಳನ್ನು ಕರೆದು ನಿಧಾನವಾಗಿ ತಿಳಿಸಿ ಹೇಳಿದರು. ನಳಿಗೆಯಲ್ಲಿ ಹೂವಿನ ತೊಟ್ಟು ಸಿಕ್ಕಿಕೊಂಡಿದ್ದರೂ ಸಾಕು, ಹೊಡೆದಾಗ ನಳಿಗೆಯೇ ಸಿಡಿಯಬಹುದು. ನಮ್ಮಲ್ಲಿ ಪೂಜೆಯ ಹೂವನ್ನು ಅಪ್ಪನೇ ತೆಗೆಯುತ್ತಿದ್ದ. ಯಾಕೆಂದು ನಾವು ಕೇಳಿದ್ದಿಲ್ಲ. ಅವರು ಆ ಸೇವಂತಿಗೆಯನ್ನು ಎಸೆಯಲಿಲ್ಲ. ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ಮರುದಿನವೂ ಅದು ಅಲ್ಲೇ ಇತ್ತು, ಸ್ವಲ್ಪ ಬಾಡಿ.

ಭಾನುವಾರ ಬೆಳಗ್ಗೆ ಕೋವಿಯನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಅವರು ಅವರ ಗಾಡಿಯಲ್ಲಿ ಮುಂದೆ, ನಾನು ಮತ್ತು ಅಳಿಯ ಹಿಂದೆ. ಮಗಳೂ ಕೂಸೂ ಮನೆಯಲ್ಲಿ. ಈಡಿನ ಹೊತ್ತಿಗೆ ಅಳಿಯ ತನ್ನ ಮೊಬೈಲಿನಲ್ಲಿ ಮಗಳಿಗೆ ಕೇಳಿಸಬೇಕೆಂದು ಮಾತಾಗಿತ್ತು. ಜೋಳ ಕೊಯ್ದ ಹೊಲಗಳ ನಡುವೆ ಮೈದಾನ. ನೆಲ ರೊಟ್ಟಿಯ ಹಾಗೆ ಚಪ್ಪಟೆ, ಒಂದು ಗುಡ್ಡವಿಲ್ಲ. ತುದಿಯಲ್ಲಿ ಮಾತ್ರ ಗುಂಡು ಹೂತುಕೊಳ್ಳಲು ಮಣ್ಣಿನ ಎತ್ತರದ ದಿಬ್ಬ.

ಕಾರಿನಿಂದ ಇಳಿದ ಕೂಡಲೇ ನನ್ನ ಉತ್ಸಾಹ ಇಳಿದುಹೋಯಿತು. ಅಲ್ಲಿ ಎಲ್ಲರೂ ಹೊಡೆಯುತ್ತಿದ್ದರು. ಮಾಡಿನ ಕೆಳಗೆ ಸಾಲಾಗಿ ಮೇಜುಗಳು, ಒಂದೊಂದರಲ್ಲೂ ಒಬ್ಬರು. ಚಟ್, ಢಂ, ಚಟ್ ಚಟ್. ದೀಪಾವಳಿಯ ಹಾಗೆ. ಈ ಸಂತೆಯಲ್ಲಿ ನನ್ನ ಒಂದು ಈಡನ್ನು ಎಲ್ಲಿಂದ ಹುಡುಕುವುದು? ಒಂದು ಎನ್ನುವುದಕ್ಕೆ ಸುತ್ತ ಮೌನ ಬೇಡವೇ? ಅದರ ಮೇಲೆ ಎಲ್ಲರ ಕಿವಿಗೂ ಕಪ್ಪು ಬಟ್ಟಲಿನಂಥ ಮುಚ್ಚಳ ಹಾಕಬೇಕೆಂದು ನಿಯಮ. ನನಗೂ ಹಾಕಿದರು. ಕೇಳಿಸಿಕೊಳ್ಳಲು ಬಂದವಳ ಕಿವಿಯನ್ನೇ ಮುಚ್ಚಿದ ಹಾಗಾಯಿತು. ಹಿಂದೆ ಒಂದು ಬೆಂಚಿನ ಮೇಲೆ ಸೆರಗು ಹೊದ್ದು ಕೂತೆ. ಪಕ್ಕದವರು ನನ್ನ ಮುಖ ನೋಡಿದರು. ಅಲ್ಲಿಯ ಮೇಲ್ವಿಚಾರಣೆಯವನ ಬಳಿ ಹೋಗಿ ಬಹಳ ಹೊತ್ತು ಮಾತಾಡಿದರು. ಅವನೂ ನನ್ನ ಕಡೆ ನೋಡಿದ.

ಸ್ವಲ್ಪ ಹೊತ್ತಿಗೆ ಅವನು ಮೈಕಿನಲ್ಲಿ ಕೂಗಿದ. ಒಂದೊಂದೇ ಸದ್ದು ನಿಂತಿತು. ಗುರಿಹಲಗೆಗಳನ್ನು ಬದಲಿಸಲು ಹೀಗೆ ಆಗಾಗ ನಿಲ್ಲಿಸುತ್ತಾರಂತೆ. ಎಲ್ಲರೂ ಕೋವಿ ಕೆಳಗಿಟ್ಟು ಹಿಂದೆ ಸರಿದರು. ಬದಲಿಸಲು ಹೋದವರು ವಾಪಸು ಬಂದ ಮೇಲೂ ಅವನು ಶುರುಮಾಡಿ ಎನ್ನಲಿಲ್ಲ. ಮತ್ತೇನೋ ಹೇಳಿದ. ಅದರಲ್ಲಿ ‘ಗ್ರ್ಯಾಂಡ್‌ಮದರ್’ ಎನ್ನುವುದೂ ‘ಗರ್ಲ್’ ಎನ್ನುವುದೂ ನನಗೆ ತಿಳಿಯಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ಒಬ್ಬ ಗಡ್ಡದವನು ಟೋಪಿ ತೆಗೆದ. ಒಬ್ಬ ಹೆಂಗಸು ಕೈ ಬೀಸಿದಳು. ನಾನು ಎದ್ದು ನಿಂತು ಎಲ್ಲರಿಗೂ ಕೈ ಮುಗಿದೆ. ಸಂತೋಷದಲ್ಲಿ ಮುಚ್ಚಳ ಜಾರಿ ಕುತ್ತಿಗೆಗೆ ಬಿತ್ತು.

ಆಗ ಆ ಗಡ್ಡದವನು ಜೋರಾಗಿ ಏನೋ ಅಂದ. ಉಳಿದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿ ತಮ್ಮ ತಮ್ಮ ಮೇಜಿನ ಕಡೆ ತಿರುಗಿದರು. ಏನಂತೆ ಎಂದು ಅಳಿಯನನ್ನು ಕೇಳಿದೆ. ಅವನ ಮುಖ ಬಿಳುಚಿಕೊಂಡಿತ್ತು.

“ಕೂಸಿಗೆ ಎಲ್ಲಾರೂ ಕೂಡೇ ಒಂದೊಂದು ಹೊಡೀತೇವಿ ಅನ್ನಾಕತ್ತಾರ್ರಿ.”

ಪ್ರೀತಿಯಿಂದ ಹೇಳಿದ ಮಾತು, ನನಗೆ ಗೊತ್ತು. ಆದರೆ ಹೊಸ ಕೂಸಿನ ಹೆಸರಿನಲ್ಲಿ ಎರಡನೆಯ ಗುಂಡೇ? ಅವ್ವನ ಒನಕೆ ಕಣ್ಣಿಗೆ ಬಂತು. “ನೋ, ನೋ. ಒನ್. ಓನ್ಲಿ ಒನ್” ಎಂದೆ. ಮುದುಕಿ ಸಂಕೋಚಪಡುತ್ತಿದ್ದಾಳೆ ಎಂದುಕೊಂಡು ಅವರು ಇನ್ನಷ್ಟು ನಕ್ಕರು.

ಕೋವಿ ಎಂದರೆ ಮಾರುದೂರ ನಿಲ್ಲುವ ನನ್ನ ಅಳಿಯ, ಬೆಳಗಿನಿಂದ ಜೇಬಿನಿಂದ ಕೈ ತೆಗೆಯದೆ ನಿಂತಿದ್ದವನು, ಆಗ ಮುಂದೆ ಹೋದ. ಮೇಜುಗಳಿಗೂ ಅವರಿಗೂ ನಡುವೆ ನಿಂತು ಎರಡೂ ಕೈ ಎತ್ತಿದ. ಇಂಗ್ಲಿಷಿನಲ್ಲೇ ಹೇಳಿದ, ಆದರೆ ಧಾರವಾಡದ ಗಂಟಲಿನಲ್ಲಿ. ಅವನು ಹೇಳಿದ್ದನ್ನು ಆಮೇಲೆ ಅವನಿಂದಲೇ ಕೇಳಿ ತಿಳಿದೆ. ನಮ್ಮ ಅತ್ತೆಯವರ ನಾಡಿನಲ್ಲಿ ಒಂದು ಗುಂಡೆಂದರೆ ಹುಟ್ಟು, ಎರಡೆಂದರೆ ಸಾವು. ನನ್ನ ಮಗಳಿಗೆ ಒಂದೇ ಸಾಕು, ದಯವಿಟ್ಟು ಎರಡನೆಯದು ಯಾರೂ ಹೊಡೆಯಬೇಡಿ ಎಂದನಂತೆ. ನನ್ನ ಮಗಳು ಎಂದದ್ದು ಮಾತ್ರ ಭಾಷೆ ಬಾರದ ನನಗೂ ಆಗಲೇ ತಿಳಿದಿತ್ತು.

ಗಡ್ಡದವನು ತನ್ನ ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಂಡ. ಅವನನ್ನು ನೋಡಿ ಎಲ್ಲರೂ ಹಾಗೇ ಮಾಡಿದರು.

ಮೇಲ್ವಿಚಾರಣೆಯವನು ನನ್ನ ಹತ್ತಿರ ಬಂದು ಮುಚ್ಚಳವನ್ನು ಮೆಲ್ಲಗೆ ಮತ್ತೆ ಕಿವಿಗೆ ಕೂರಿಸಿದ. ಅಳಿಯ ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದ. ಪಕ್ಕದವರು ಒಂದು ತೋಟಾವನ್ನು ಎರಡು ಬೆರಳಿನಲ್ಲಿ ಹಿಡಿದು ನನಗೆ ತೋರಿಸಿದರು. ಒಂದು. ಇನ್ನೊಂದು ಅಂಗೈಯನ್ನು ಬಿಚ್ಚಿ ತೋರಿಸಿದರು. ಖಾಲಿ. ಆಮೇಲೆ ಕೂತು, ಕೆನ್ನೆಯನ್ನು ಅವರಪ್ಪನ ಮರಕ್ಕೆ ಒರಗಿಸಿದರು.

ಚಟೀರ್ ಎಂದಿತು, ಒಣಗಿದ ಬಿದಿರು ಸೀಳಿದ ಹಾಗೆ. ಮುಚ್ಚಳದ ಒಳಗೆ ಅದೂ ಮೆತ್ತಗೆ ಕೇಳಿಸಿತು. ನಮ್ಮಲ್ಲಾದರೆ ಗುಡ್ಡಗಳು ಅದನ್ನು ಹಿಡಿದು ತಿರುಗಿ ಎಸೆಯುತ್ತವೆ, ಒಂದು ಹೊಡೆದರೂ ಎರಡೋ ಏನೋ ಎಂದು ಕಿವಿಗೆ ಅನುಮಾನ ಬರುತ್ತದೆ. ಇಲ್ಲಿ ತಿರುಗಿ ಎಸೆಯಲು ಏನೂ ಇರಲಿಲ್ಲ. ಸದ್ದು ಹೊಲದ ಮೇಲೆ ಹೋಯಿತು, ಹೋಗಿಯೇ ಹೋಯಿತು. ಯಾರೂ ಅಲುಗಾಡಲಿಲ್ಲ. ಅಳಿಯ ಹೇಳಿದ್ದು ಅವರೆಲ್ಲರ ತಲೆಯಲ್ಲಿತ್ತಲ್ಲ, ಆ ಅಪರಿಚಿತರೂ ನನ್ನ ಜೊತೆ ಎರಡನೆಯದು ಬಾರದಿರಲಿ ಎಂದು ಕಾಯುತ್ತಾ ನಿಂತಿದ್ದರು. ಒನಕೆ ಎತ್ತಿ ಹಿಡಿದವರ ಹಾಗೆ.

ಪಕ್ಕದವರು ಎದ್ದು ಬಂದು ತೋಟಾದ ಖಾಲಿ ಹಿತ್ತಾಳೆಯನ್ನು ನನ್ನ ಅಂಗೈಯಲ್ಲಿಟ್ಟರು. ಬೆಚ್ಚಗಿತ್ತು. ಅಳಿಯನ ಕಡೆ ನೋಡಿದೆ, ಇದನ್ನಾದರೂ ಮುಟ್ಟಬಹುದೇ ಎಂದು. ಅವನು ಕಣ್ಣೊರೆಸಿಕೊಳ್ಳುತ್ತಾ, ಮುಟ್ಟಿ ಎಂಬಂತೆ ತಲೆಯಾಡಿಸಿ, ಮೊಬೈಲನ್ನು ನನ್ನ ಕೈಗೆ ಕೊಟ್ಟ. ಮಾಡಿನಿಂದ ದೂರ, ಕಾರಿನ ಹತ್ತಿರ ನಡೆದು ಹೋಗಿ ಮುಚ್ಚಳ ತೆಗೆದು ಮೊಬೈಲನ್ನು ಕಿವಿಗಿಟ್ಟುಕೊಂಡೆ. ಮಗಳ ಉಸಿರು ಕೇಳಿಸಿತು. ಅವಳ ಮಗ್ಗುಲಲ್ಲಿ ಕೂಸು ಹಾಲು ಚೀಪುವ ಸಣ್ಣ ಸದ್ದೂ ಕೇಳಿಸಿತು.

“ಕೇಳ್ತಾ?” ಎಂದೆ.

“ಕೇಳ್ತು ಅವ್ವ” ಎಂದಳು. ಅವಳು ಹುಟ್ಟಿದ ದಿನ ಯಾರೂ ಕೋವಿ ಎತ್ತಿರಲಿಲ್ಲ. “ಇನ್ನೊಂದು ಬರುತ್ತೇನೋ ಅಂತ ಉಸಿರು ಬಿಗಿಹಿಡ್ಕೊಂಡು ಕಾಯ್ತಾ ಇದ್ದೆ. ಬರ್ಲಿಲ್ಲ. ಒಂದೇ.”

ಮಾಡಿನ ಕೆಳಗೆ ಎಲ್ಲರೂ ಇನ್ನೂ ಕೈಕಟ್ಟಿ ನಿಂತೇ ಇದ್ದರು. ನಾನು ಹಿತ್ತಾಳೆಯನ್ನು ಮುಷ್ಟಿಯೊಳಗೆ ಬಿಗಿ ಮಾಡಿ, ಅವ್ವನ ಹಾಗೆಯೇ ನಕ್ಕು ಹೇಳಿದೆ:

“ಯಾರ ಮನೆಯಲ್ಲೋ ಹೆಣ್ಣು.”